ಗಡಿಯ ಸುಂಕದ ಸಾಹೇಬರು, ಹುಳುಹುಪ್ಪಟೆಗಳ ಒಡನಾಡಿ



ಗಡಿ ಎಂದೊಡನೆ ನಮಗೆ ಭಾಷೆ, ಶಾಲೆ, ನಾಮಫಲಕಗಳ ಚಿಂತೆ. ಈ ಸಲ ನಾವು ನೆನೆಯುತ್ತಿರುವುದು ಗಡಿಯಲ್ಲೇ ನೌಕರಿ ಮಾಡಿ, ಬಿಡುವಿನಲ್ಲಿ ಹುಳುಹುಪ್ಪಟೆ ನೋಡುತ್ತ ಬಾಳಿದ ಒಬ್ಬರನ್ನು. ಅವರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್. ಓದುಗರಿಗೆ 'ಇ.ಎಚ್.ಎ.' ಎಂಬ ಮೂರಕ್ಷರದಿಂದಲೇ ಪರಿಚಿತರು.

ಹುಟ್ಟಿದ್ದು 1851ರಲ್ಲಿ, ಸಾತಾರೆಯಲ್ಲಿ. ತಂದೆ ಸ್ಕಾಟ್ಲೆಂಡಿನ ಮಿಶನರಿ. ಮಗನಿಗೆ ಪಾಠ ಹೇಳಿದವರೂ ಅವರೇ. ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ, 1876ರಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆ ಸೇರಿದರು. ಓದಿದ್ದು ಭಾಷೆಗಳನ್ನು; ಜೀವಿಗಳ ಅಭ್ಯಾಸ ಬರೀ ಹವ್ಯಾಸ.

ಇಲಾಖೆ ಅವರನ್ನು ಕಳುಹಿಸಿದ ಊರುಗಳಲ್ಲಿ ಗುಜರಾತಿನ ಖಾರಾಘೋಡಾ ಒಂದು. ಕಚ್ಛದ ಚಿಕ್ಕ ರಣದ ಅಂಚಿನ ಉಪ್ಪಿನ ಊರು. ಅಲ್ಲಿ ಹುಲಿ, ಆನೆ ಎಲ್ಲಿಂದ ಬರಬೇಕು? ಇದ್ದದ್ದು ಇಲಿ, ಹಲ್ಲಿ, ಇರುವೆ, ಸೊಳ್ಳೆ, ಕಾಗೆ, ಕಪ್ಪೆ. ಅವುಗಳನ್ನೇ ದಿನವೂ ನೋಡಿ, ನಗೆ ಬೆರೆಸಿ ಬರೆದರು. 1883ರಲ್ಲಿ ಬಂದ 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್' ಪುಸ್ತಕದ ಹೆಸರಿನಲ್ಲಿರುವ ಗಡಿ ಯಾವ ರಾಜ್ಯದ್ದೂ ಅಲ್ಲ, ಮನೆಯ ಅಂಗಳದ್ದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಆ ಎಂಟರಲ್ಲಿ ಏಟ್ಕೆನ್ ಒಬ್ಬರು. ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರೂ ಇದ್ದರು.

ಮುಂದೆ ನಮ್ಮ ಉತ್ತರ ಕನ್ನಡಕ್ಕೆ, ಗೋವೆಯ ಗಡಿಗೆ ವರ್ಗವಾಯಿತು. ಕಾರವಾರದ ಕಡೆ ಡೇವಿಡ್ಸನ್ ಮತ್ತು ಅರಣ್ಯ ಇಲಾಖೆಯ ಬೆಲ್ ಜೊತೆಯಾದರು. ಮೂವರೂ ಚಿಟ್ಟೆ ಹಿಡಿದು ಸೂಜಿ ಚುಚ್ಚುವುದಕ್ಕಷ್ಟೇ ನಿಲ್ಲಲಿಲ್ಲ. ಕಂಬಳಿಹುಳುಗಳನ್ನು ಸಾಕಿ, ಯಾವುದು ಯಾವ ಗಿಡದ ಎಲೆ ತಿನ್ನುತ್ತದೆ, ಅದರ ಕೋಶ ಹೇಗಿರುತ್ತದೆ, ಹೊರಬರುವ ಚಿಟ್ಟೆ ಯಾವುದು ಎಂದು ದಾಖಲಿಸಿದರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಆ ಪಟ್ಟಿ 1890ರ ದಶಕದಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಹವ್ಯಾಸ ಪ್ರಾಣದ ಪ್ರಶ್ನೆಯಾದದ್ದು ಆಮೇಲೆ. ಆಗ ಗೋವೆ ಪೋರ್ತುಗೀಸರದ್ದು. ಗಡಿಯುದ್ದಕ್ಕೂ ಕಾಡಿನ ನಡುವೆ ಸುಂಕದ ನಾಕೆಗಳಿದ್ದವು. ಅಲ್ಲಿನ ಜವಾನರನ್ನು ಚಳಿಜ್ವರ ಹಿಂಡುತ್ತಿತ್ತು. ಆ ಕಡೆಗೆ ವರ್ಗವೆಂದರೆ ಎಲ್ಲರಿಗೂ ಭಯ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸುಳಿವು ಕಂಡುಹಿಡಿದಿದ್ದರು. ನಾಕೆಗಳನ್ನು ಪರೀಕ್ಷಿಸಿ, ಜವಾನರನ್ನು ಅನಾಫಿಲಿಸ್ ಸೊಳ್ಳೆಯಿಂದ ದೂರವಿಡುವ ದಾರಿ ಹುಡುಕಲು ಸರಕಾರ ಏಟ್ಕೆನ್ನರನ್ನು ನೇಮಿಸಿತು. ಬಂಗಲೆಯ ಸೊಳ್ಳೆಯನ್ನು ವರ್ಷಗಟ್ಟಲೆ ನೋಡಿದ್ದ ಕಣ್ಣು ಈಗ ಗಡಿಯ ಬಡ ನೌಕರರ ಕೆಲಸಕ್ಕೆ ಬಂತು. ಆ ಓಡಾಟದಲ್ಲಿ ಅವರಿಗೆ ಸಿಕ್ಕ ಹೊಸ ಸೊಳ್ಳೆಗೆ 1903ರಲ್ಲಿ 'ಅನಾಫಿಲಿಸ್ ಏಟ್ಕೆನೀ' ಎಂದು ಅವರ ಹೆಸರನ್ನೇ ಇಡಲಾಯಿತು.

ಅವರ ಬರಹದಲ್ಲಿ ಆಳುವವರ ಠೀವಿಯೂ ಇದೆ. ಮನೆಯಾಳುಗಳ ಬಗ್ಗೆ ಬರೆದ 'ಬಿಹೈಂಡ್ ದಿ ಬಂಗಲೋ' ಪುಸ್ತಕದ ತಮಾಷೆ ಇಂದು ನಮಗೆ ಚುಚ್ಚುತ್ತದೆ. ಇರುವೆಗೆ ತೋರಿದ ತಾಳ್ಮೆಯನ್ನು ಅವರು ಅಡಿಗೆಯವನಿಗೆ ಯಾವಾಗಲೂ ತೋರಲಿಲ್ಲ. ಇದನ್ನೂ ಹೇಳಲೇಬೇಕು.

ಕೊನೆಯ ನೌಕರಿ ಕರಾಚಿಯಲ್ಲಿ. 1906ರಲ್ಲಿ ನಿವೃತ್ತರಾಗಿ, 1909ರ ಏಪ್ರಿಲಿನಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು.

ಬಂಧುಗಳೇ, ಅವರ ದಾರಿ ಹಿಡಿಯಲು ಕಾಡು ಬೇಡ, ದುರ್ಬೀನೂ ಬೇಡ. ಹಿತ್ತಲಿನ ಕರಿಬೇವು ಅಥವಾ ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದನ್ನು ಹತ್ತಿರದಿಂದ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳು ಇರಬಹುದು. ಬೆಳೆದಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ವಾಸನೆ ಬಿಡುತ್ತದೆ. ತಾಳವಾಡಿಯಾಗಲಿ, ಅಕ್ಕಲಕೋಟೆಯಾಗಲಿ, ಮಡಕಶಿರೆಯಾಗಲಿ, ಗಿಡವಿದ್ದ ಕಡೆ ಅದಕ್ಕೆ ಊರು. ನಿಮ್ಮ ಮನೆಯ ಹಿರಿಯರು ಆ ಹುಳುವಿಗೆ, ಆ ಚಿಟ್ಟೆಗೆ ಏನೆನ್ನುತ್ತಾರೆ ಕೇಳಿ, ಮಕ್ಕಳ ಕೈಯಲ್ಲಿ ತಾರೀಖು ಹಾಕಿ ಬರೆಸಿಡಿ. ಮುಂದಿನ ಸಲ ಸೇರಿದಾಗ ಆ ಹೆಸರುಗಳನ್ನು ಒಟ್ಟಿಗೆ ಓದೋಣ.