ಮುದ್ದೇನಹಳ್ಳಿಯ ದಿವಾನರೂ ತಾಲ್ಲೂಕು ಸಮಿತಿಗಳೂ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ಎಲ್ಲರ ಕಣ್ಣಿಗೂ ಕಟ್ಟುವುದು ಕನ್ನಂಬಾಡಿ ಕಟ್ಟೆ. ಅವರು ಹುಟ್ಟಿದ ಸೀಮೆಯ ಹೊಲಗದ್ದೆಗೆ ಆ ಕಟ್ಟೆಯಿಂದ ಒಂದು ಹನಿ ನೀರೂ ಹರಿದು ಬರುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳದು ಕೆರೆ ಬಾವಿಗಳ ಬದುಕು. ಈಗ ಕೊಳವೆ ಬಾವಿಗಳ ಬದುಕು. ಆದರೆ ಕಲ್ಲು ಗಾರೆಯಿಲ್ಲದ ಇನ್ನೊಂದು ಕಟ್ಟಡವನ್ನೂ ಅವರು ಕಟ್ಟಲು ಹೊರಟಿದ್ದರು. ಜಿಲ್ಲೆಗೊಂದು, ತಾಲ್ಲೂಕಿಗೊಂದು, ಹಳ್ಳಿಗೊಂದು ಸಮಿತಿ ಮಾಡಿ, ಊರಿನ ಕೆಲಸವನ್ನು ಊರಿನವರ ಕೈಗೇ ಕೊಡಬೇಕೆಂಬುದು ಆ ಯೋಜನೆ. ಇಂದು ನೀವು ಪಂಚಾಯಿತಿಯ ಸಭೆಯಲ್ಲೋ ಪುರಸಭೆಯ ಮೆಟ್ಟಿಲ ಮೇಲೋ ಜಗಳವಾಡುವಾಗ ಅದರ ಪಾಯದ ಮೇಲೆಯೇ ನಿಂತಿರುತ್ತೀರಿ.

ನಂದಿ ಬೆಟ್ಟದ ಆಸುಪಾಸಿನ ಮುದ್ದೇನಹಳ್ಳಿ ಅವರ ಹುಟ್ಟೂರು. ಹುಟ್ಟಿದ ದಿನ ಸೆಪ್ಟೆಂಬರ್ 15. ವರ್ಷವನ್ನು ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹಿರಿಯರು ಆಂಧ್ರದ ಮೋಕ್ಷಗುಂಡಂನಿಂದ ಬಂದವರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದು ಆರಂಭವಾಯಿತು. ಎಳೆ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ. ಬೀದಿ ದೀಪದ ಕಥೆ, ಎರಡು ಮೇಣದ ಬತ್ತಿಯ ಕಥೆ ನಿಮಗೆಲ್ಲ ಬಾಯಿಪಾಠವಾಗಿರುತ್ತವೆ. ಅವನ್ನು ಮತ್ತೆ ಹೇಳಿ ಜಾಗ ತುಂಬಿಸುವುದಿಲ್ಲ.

ಸಣ್ಣ ಊರಿನ ಆಡಳಿತ ಹೇಗಿರುತ್ತದೆ ಎಂಬುದನ್ನು ಅವರು ಹತ್ತಿರದಿಂದ ಕಂಡದ್ದು ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ. ಈಗ ಅದು ಪಾಕಿಸ್ತಾನದಲ್ಲಿದೆ. 1890ರ ದಶಕದ ನಡುಭಾಗದಲ್ಲಿ ಆ ಊರಿಗೆ ಕುಡಿಯುವ ನೀರು ಒದಗಿಸುವ ಕೆಲಸ ಅವರ ಪಾಲಿಗೆ ಬಂತು. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿತ್ತು, ಆದರೆ ನೀರು ಕೆಸರು. ಸೋಸುವ ದೊಡ್ಡ ತೊಟ್ಟಿ ಕಟ್ಟಲು ಪುರಸಭೆಯ ಹತ್ತಿರ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನಲ್ಲಿ ತಾನಾಗಿ ಇಂಗಿ ಸೋಸಿ ಬಂದ ನೀರನ್ನು ಊರಿಗೆ ಏರಿಸಿದರು. ಪುರಸಭೆಯ ಬೊಕ್ಕಸಕ್ಕೆ ತಕ್ಕ ಕೆಲಸ ಅದು. ಪುಣೆ ಕಡೆಯ ನೀರಾ ಕಾಲುವೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿಯನ್ನು ರೈತರಾದ ನೀವು ಗಮನಿಸಬೇಕು. ಕಾಲುವೆಯ ಕೆಳಗಿನ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಪಾಲಿಗೆ ಕಬ್ಬು, ಒಂದು ಪಾಲಿಗೆ ಬತ್ತ, ಇನ್ನೊಂದಕ್ಕೆ ಕಡಿಮೆ ನೀರಿನ ಬೆಳೆ ಎಂದು ಸರದಿ ಇಟ್ಟರು. ನೀರು ಕೆಲವೇ ಹಳ್ಳಿಗಳ ಪಾಲಾಗದೆ ಹೆಚ್ಚು ಊರುಗಳಿಗೆ ಹಂಚಿತು. ಮೊದಲು ವಿರೋಧವೂ ಬಂತು. ನೀರಿನ ಸರದಿಯ ಮಾತು ಬಂದಾಗ ವಿರೋಧ ಬಾರದಿರುವ ಊರು ಯಾವುದಿದೆ ಹೇಳಿ.

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ತಾಯ್ನಾಡಿಗೆ ಮರಳಿದರು. ಆಗ ಇಲ್ಲಿ ಸ್ಥಳೀಯ ಆಡಳಿತವೇ ಇರಲಿಲ್ಲವೆಂದು ತಿಳಿಯಬೇಡಿ. ರಂಗಾಚಾರ್ಲು ದಿವಾನರಾಗಿದ್ದಾಗಲೇ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತು. 1902ರ ಕಾಯಿದೆಯಂತೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳೂ ಇದ್ದವು. ಕೋಲಾರ ಜಿಲ್ಲೆಗೆ ಸೇರಿದ್ದ ನಿಮ್ಮ ನಾಲ್ಕು ತಾಲ್ಲೂಕುಗಳೂ ಆ ವ್ಯವಸ್ಥೆಯ ಒಳಗೇ ಇದ್ದವು. ಆದರೆ ಬೋರ್ಡು ಎಂದರೆ ಬಹುಮಟ್ಟಿಗೆ ಅಧಿಕಾರಿಗಳದೇ ಕಾರುಬಾರು. ಸಣ್ಣ ಊರಿನ ಪುರಸಭೆಗೂ ಅಮಲ್ದಾರರೇ ಅಧ್ಯಕ್ಷರಾಗುವುದು ರೂಢಿ. ಅಮಲ್ದಾರರು ಕಾಗದ ಓದುವುದು, ಸದಸ್ಯರು ತಲೆಯಾಡಿಸುವುದು, ಸಭೆ ಮುಗಿಯುವುದು. ಕಂದಾಯ ವಸೂಲಿಗೆ ಬರುವವರ ಎದುರಿಗೇ ಕುಳಿತು ನಮ್ಮೂರ ರಸ್ತೆಗೆ ಹಣ ಸಾಲದು ಎಂದು ಹೇಳುವ ಧೈರ್ಯ ಎಷ್ಟು ಜನಕ್ಕೆ ಬಂದೀತು?

ಮುಖ್ಯ ಎಂಜಿನಿಯರಾಗಿದ್ದಾಗಲೇ ವಿಶ್ವೇಶ್ವರಯ್ಯನವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಒಂದು ಸಲಹೆ ಇಟ್ಟರು. ಅದರ ಫಲವಾಗಿ 1911ರ ಜೂನ್‌ನಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಸ್ಥಾಪನೆಯಾಯಿತು. ಸಮ್ಮೇಳನ ಎಂದಾಕ್ಷಣ ಹಾರ ತುರಾಯಿ ಭಾಷಣ ಎಂದುಕೊಳ್ಳಬೇಡಿ. ಅದಕ್ಕೆ ಮೂರು ಕಾಯಂ ಸಮಿತಿಗಳಿದ್ದವು: ಬೇಸಾಯಕ್ಕೊಂದು, ವಿದ್ಯಾಭ್ಯಾಸಕ್ಕೊಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೊಂದು. ಅಧಿಕಾರಿಗಳ ಜೊತೆಗೆ ಜಮೀನುದಾರರು, ವರ್ತಕರು, ಓದಿದವರು ಕೂಡಿ ಕುಳಿತು, ಇಂಥ ಕೆಲಸ ಆಗಬೇಕು, ಇಷ್ಟು ದಿನದಲ್ಲಿ ಆಗಬೇಕು, ಇಂಥವರು ಮಾಡಬೇಕು ಎಂದು ಬರೆದಿಡಬೇಕು. ಮುಂದಿನ ಸಭೆಯಲ್ಲಿ ಆಯಿತೋ ಇಲ್ಲವೋ ಎಂದು ಕೇಳಬೇಕು. 1912ರ ನವೆಂಬರಿನಲ್ಲಿ ಅವರೇ ದಿವಾನರಾದ ಮೇಲೆ ಈ ಏರ್ಪಾಡು ಕೆಳಗಿಳಿಯಿತು. ಜಿಲ್ಲೆಗಳಲ್ಲಿ ಡೆಪ್ಯುಟಿ ಕಮಿಷನರ ಮುಂದಾಳುತನದಲ್ಲಿ ಸಮಿತಿಗಳಾದವು; ಅವುಗಳ ಕೆಳಗೆ ತಾಲ್ಲೂಕುಗಳಲ್ಲಿ ಪ್ರಗತಿ ಸಮಿತಿಗಳಾದವು.

ತಾಲ್ಲೂಕು ಸಮಿತಿಯ ಮುಂದೆ ಬರುತ್ತಿದ್ದ ವಿಷಯಗಳು ದೊಡ್ಡವೇನಲ್ಲ. ಶಾಲೆ ಎಲ್ಲಿಲ್ಲ, ಸಹಕಾರ ಸಂಘ ಎಲ್ಲಿ ತೆರೆಯಬಹುದು, ಹೊಸ ನೇಗಿಲು ಯಾರು ಹೂಡಿ ನೋಡುತ್ತಾರೆ, ಒಳ್ಳೆಯ ಬೀಜ ಎಲ್ಲಿ ಸಿಗುತ್ತದೆ, ಯಾವ ಬಾವಿ ಹೂಳು ತುಂಬಿದೆ. ಇಷ್ಟೇ. ಆದರೆ ಬೇಸಾಯಗಾರನ ಲಾಭ ನಷ್ಟ ಇಂಥ ಚಿಲ್ಲರೆ ವಿಷಯಗಳಲ್ಲಿಯೇ ಇರುತ್ತದೆಂದು ನಿಮಗೆ ಬೇರೆ ಹೇಳಬೇಕೆ? ದಿವಾನರು ಊರೂರು ಸುತ್ತಿ, ಹಿಂದಿನ ಸಲ ಒಪ್ಪಿಕೊಂಡದ್ದು ಏನಾಯಿತೆಂದು ವಿಚಾರಿಸುತ್ತಿದ್ದರು. ಅವರ ಕಾಲದ 6 ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ರ ಆಸುಪಾಸಿಗೆ ಏರಿದವೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಬಂತು. ಅದೇ ವರ್ಷ ಮೈಸೂರು ಬ್ಯಾಂಕ್ ತೆರೆಯಿತು. ರೇಷ್ಮೆಗೆ 1914ರಲ್ಲಿ ಪ್ರತ್ಯೇಕ ಇಲಾಖೆಯಾಯಿತು, ಇಟಲಿಯಿಂದಲೂ ಜಪಾನಿನಿಂದಲೂ ತಜ್ಞರು ಬಂದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಗೂಡು ಹೊತ್ತೊಯ್ಯುವವರಿಗೆ ಇದು ದೂರದ ಸಂಗತಿಯಲ್ಲ. ಪುಸ್ತಕಾಲಯಗಳ ಏರ್ಪಾಡೂ ಆ ಸಮ್ಮೇಳನದ ಮಾತುಕತೆಯಿಂದಲೇ ಬೆಳೆಯಿತು. ಬೆಂಗಳೂರಿನ ಸಾರ್ವಜನಿಕ ಪುಸ್ತಕಾಲಯ ಆ ಕಾಲದ್ದು. ಈ ಪುಟ ಓದುತ್ತ ಕುಳಿತಿರುವ ನಿಮ್ಮೂರ ವಾಚನಾಲಯವನ್ನೂ ಆ ಮನೆತನಕ್ಕೇ ಸೇರಿಸಬಹುದು.

1914ರಲ್ಲಿ ಗ್ರಾಮ ಸುಧಾರಣೆಯ ಯೋಜನೆ ಹೊರಟಿತು. ಹಳ್ಳಿಗೊಂದು ಸುಧಾರಣಾ ಸಮಿತಿ. ಬಾವಿ, ರಸ್ತೆ, ಚರಂಡಿ, ಶಾಲೆಯ ಕಟ್ಟಡ, ಗಿಡ ನೆಡುವುದು ಅದರ ಕೆಲಸ. ಊರಿನವರು ಸ್ವಲ್ಪ ಹಣ ಕೂಡಿಸಬೇಕು, ವಾರದಲ್ಲಿ ಸ್ವಲ್ಪ ಹೊತ್ತು ಮೈಗೆಲಸ ಮಾಡಬೇಕು, ಉಳಿದದ್ದಕ್ಕೆ ಸರ್ಕಾರದ ನೆರವು. ಕೆಲವು ಕಡೆ ಇದು ಚೆನ್ನಾಗಿಯೇ ನಡೆಯಿತು. ಹಲವು ಕಡೆ ಅಮಲ್ದಾರರ ಸವಾರಿ ಬರುವ ಮುನ್ನ ಬೀದಿ ಗುಡಿಸುವಷ್ಟಕ್ಕೆ ನಿಂತಿತು. ಮೇಲಿನವರು ಹೇಳಿ ಮಾಡಿಸುವ ದುಡಿಮೆ ಬಿಟ್ಟಿಯಂತೆ ತೋರುವುದು ಸಹಜ. ಹಳಬರಿಗೆ ಬಿಟ್ಟಿಯ ನೆನಪು ಹಸಿಯಾಗಿಯೇ ಇತ್ತು. ಎಲ್ಲವನ್ನೂ ಗಡಿಯಾರದ ಮುಳ್ಳಿನ ಪ್ರಕಾರ ನಡೆಸುವ ದಿವಾನರಿಗೆ ಹಳ್ಳಿಯವರು ನಿಧಾನಿಗಳೆಂದು ಕಂಡಿರಬೇಕು. ಆದರೆ ತಾವೇ ಆರಿಸದ ಸಮಿತಿಯನ್ನು ತಮ್ಮದೆಂದು ಜನ ಯಾಕೆ ಎಣಿಸಿಯಾರು? ಊರಿನವರು ತಾವಾಗಿ ಕೂಡಿ ಕೆರೆ ನೋಡಿಕೊಳ್ಳುವ ಪದ್ಧತಿ ಅದಕ್ಕೂ ಹಳೆಯದು. ಆ ಪದ್ಧತಿಗೆ ಕಾನೂನಿನ ಬಲ ಕೊಡಲು 1911ರಲ್ಲಿ ಕೆರೆ ಪಂಚಾಯಿತಿ ಕಾಯಿದೆಯೂ ಬಂದಿತ್ತು. ಸಣ್ಣ ವ್ಯಾಜ್ಯಗಳಿಗೆ ಗ್ರಾಮ ನ್ಯಾಯಾಲಯದ ಕಾಯಿದೆ 1913ರಲ್ಲಿ ಬಂತು. ತೊಂಬತ್ತು ವರ್ಷಗಳ ಮೇಲೆ, 2002ರಲ್ಲಿ, ಜಲ ಸಂವರ್ಧನೆ ಯೋಜನೆಯವರು ಕೆರೆ ಬಳಕೆದಾರರ ಸಂಘ ಮಾಡಿ ಎಂದು ಹಳ್ಳಿಗಳಿಗೆ ಬಂದಾಗ ಅದೇ ಮಾತು ಹೊಸ ಹೆಸರಿನಲ್ಲಿ ಕೇಳಿಬಂತು.

ಬೋರ್ಡುಗಳ ವಿಷಯಕ್ಕೆ ಬರೋಣ. 1914ರಲ್ಲಿ ದಿವಾನರು ಸ್ಥಳೀಯ ಆಡಳಿತವನ್ನು ಹೇಗೆ ತಿದ್ದಬೇಕೆಂದು ನೋಡಲು ವಿಚಾರಣೆ ಏರ್ಪಡಿಸಿದರು. ಆ ಶಿಫಾರಸುಗಳ ಮೇಲೆ 1918ರಲ್ಲಿ ಸ್ಥಳೀಯ ಬೋರ್ಡು ಮತ್ತು ಗ್ರಾಮ ಪಂಚಾಯಿತಿ ಕಾಯಿದೆ ಬಂತು. ಜಿಲ್ಲಾ, ತಾಲ್ಲೂಕು ಬೋರ್ಡುಗಳಲ್ಲಿ ಚುನಾಯಿತ ಸದಸ್ಯರ ಪಾಲು ಹೆಚ್ಚಿತು, ಹಳ್ಳಿಯ ಪಂಚಾಯಿತಿಗೆ ಕಾನೂನಿನಲ್ಲಿ ಜಾಗ ಸಿಕ್ಕಿತು. ಸಲಹೆ ಕೊಡುವ ಸಮಿತಿ ಬೇರೆ, ಕಾಯಿದೆಯ ಬಲದಿಂದ ತೆರಿಗೆ ಎತ್ತಿ ಖರ್ಚು ಮಾಡುವ ಬೋರ್ಡು ಬೇರೆ. ಮೊದಲನೆಯದು ಅಧಿಕಾರಿಗೆ ಮನಸ್ಸಿದ್ದರೆ ನಡೆಯುತ್ತದೆ. ಎರಡನೆಯದನ್ನು ನಿಲ್ಲಿಸಬೇಕಾದರೆ ಕಾಯಿದೆಯನ್ನೇ ತಿದ್ದಬೇಕು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಯಾವುದೇ ಹೊಸ ಸಮಿತಿಯ ಹೆಸರು ನಿಮ್ಮೂರಿನಲ್ಲಿ ಕೇಳಿಬಂದಾಗ ಉಪಯೋಗಕ್ಕೆ ಬರುತ್ತದೆ.

ಈ ಬೋರ್ಡುಗಳಲ್ಲೂ ಕಚೇರಿಗಳಲ್ಲೂ ಕುಳಿತುಕೊಳ್ಳುವವರು ಯಾರು? ಅದೇ ಕಾಲಕ್ಕೆ ಸಂಸ್ಥಾನದಲ್ಲಿ ಈ ಪ್ರಶ್ನೆ ಬೆಂಕಿಯಾಯಿತು. ಮತದ ಹಕ್ಕು ಆಸ್ತಿ ಇದ್ದವರಿಗೆ ಮಾತ್ರ. ಹೆಂಗಸರಿಗೆ ಇರಲೇ ಇಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದರು. ಒಕ್ಕಲು ಮಕ್ಕಳೂ ಇತರ ಹಿಂದುಳಿದ ಜಾತಿಯವರೂ ತಮಗೂ ಪಾಲು ಬೇಕೆಂದು ಮಹಾರಾಜರ ಬಳಿಗೆ ಹೋದರು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಬೇಕೆಂಬ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರು ಪದವಿ ಬಿಟ್ಟರು. ಸಮಿತಿಯ ವರದಿ 1919ರಲ್ಲಿ ಬಂದು ಹಿಂದುಳಿದವರ ಪರವಾಗಿ ಶಿಫಾರಸು ಮಾಡಿತು. ಅವರ ನಿಷ್ಠುರತೆಯನ್ನು ಮೆಚ್ಚುವವರೂ ಈ ಒಂದು ಅಂಶದಲ್ಲಿ ಅವರು ದೂರ ನೋಡಲಿಲ್ಲವೆಂದು ಒಪ್ಪಬೇಕಾಗುತ್ತದೆ. ಹಳ್ಳಿಗೆ ಶಾಲೆ ಕೊಟ್ಟವರು ಅವರೇ. ಆ ಶಾಲೆಯಿಂದ ಹೊರಬಂದ ಹುಡುಗ ಬಾಗಿಲ ಹೊರಗೇ ನಿಂತರೆ ಬೋರ್ಡು ಯಾರದಾಗುತ್ತದೆ? ಈಗಿನ ಪಂಚಾಯತ್ ರಾಜ್ ಕಾಯಿದೆ 1993ರದು. ಅದು ಬಂದಾಗ ಗ್ರಾಮ ಪಂಚಾಯಿತಿಗೆ ಮೂರು ಸ್ಥಾಯಿ ಸಮಿತಿಗಳನ್ನು ಹೇಳಿತ್ತು: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯ ಸಮಿತಿ. ಬೇಸಾಯ, ಪಶುಸಂಗೋಪನೆ ಉತ್ಪಾದನಾ ಸಮಿತಿಗೆ ಸೇರಿದವು. ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಒಬ್ಬ ಮಹಿಳೆ, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರು ಇರಲೇಬೇಕು. 1911ರ ಮೂರು ಸಮಿತಿಗಳ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ, ಮಧ್ಯದ ಸಮಿತಿಯೊಂದು ಆಗ ಇರಲಿಲ್ಲವೆಂಬುದು ನಿಮಗೇ ಕಾಣುತ್ತದೆ.

ಅವರು ಹೋದ ಮೇಲೆ ಬೋರ್ಡುಗಳ ಪಾಡು ಏರಿಳಿತದ್ದು. 1926ರಲ್ಲಿ ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿ ಜಿಲ್ಲಾ ಬೋರ್ಡು, ಗ್ರಾಮ ಪಂಚಾಯಿತಿ ಎರಡನ್ನೇ ಉಳಿಸಿದರು. 1959ರ ಕಾಯಿದೆ ತಾಲ್ಲೂಕು ಅಭಿವೃದ್ಧಿ ಮಂಡಳಿಯನ್ನು ತಂದಿತು. 1983ರ ಕಾಯಿದೆಯಿಂದ ಮಂಡಲ ಪಂಚಾಯಿತಿಯೂ ಜಿಲ್ಲಾ ಪರಿಷತ್ತೂ ಬಂದವು. ಹತ್ತು ವರ್ಷಕ್ಕೆ ಅವೂ ಹೋಗಿ ಈಗಿನ ಏರ್ಪಾಡು ಬಂತು. ತಾಲ್ಲೂಕು ಎಂಬ ನಡುವಣ ಮೆಟ್ಟಿಲನ್ನು ಸರ್ಕಾರಗಳು ಹೀಗೆ ಕಿತ್ತು, ಮತ್ತೆ ಕಟ್ಟಿ, ಮತ್ತೆ ಕಿತ್ತಿವೆ.

ವಿಶ್ವೇಶ್ವರಯ್ಯನವರು ಪದವಿ ಬಿಟ್ಟ ಮೇಲೂ ನಲವತ್ತು ವರ್ಷಕ್ಕೆ ಮೇಲ್ಪಟ್ಟು ಬದುಕಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದ್ದು, 1934ರಲ್ಲಿ ದೇಶಕ್ಕೆ ಯೋಜನಾಬದ್ಧ ಆರ್ಥಿಕತೆಯ ಪುಸ್ತಕ ಬರೆದದ್ದು, 1955ರಲ್ಲಿ ಭಾರತ ರತ್ನ ಪಡೆದದ್ದು ಇವೆಲ್ಲ ಶಾಲೆಯ ಪಾಠಗಳಲ್ಲಿವೆ. ಅಷ್ಟಾಗಿ ಯಾರೂ ಹೇಳದ ಒಂದು ಸಂಗತಿ ಇದೆ. ತೊಂಬತ್ತರ ಹತ್ತಿರ ಬಂದಾಗಲೂ ಅವರ ತಲೆಯಲ್ಲಿ ಹಳ್ಳಿಯ ಸಮಿತಿಯೇ ತಿರುಗುತ್ತಿತ್ತು. ಕೆಲವು ಹಳ್ಳಿಗಳನ್ನು ಸೇರಿಸಿ ಒಂದು ಗುಂಪು ಮಾಡುವುದು, ಗುಂಪಿಗೊಂದು ಸಮಿತಿ ಇರುವುದು, ಆ ಸಮಿತಿ ತನ್ನ ಹಳ್ಳಿಗಳಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂದು ಲೆಕ್ಕ ಹಾಕಿ ಸಣ್ಣ ಕೈಗಾರಿಕೆಗಳನ್ನು ಹುಟ್ಟಿಸುವುದು: ಇದು ಅವರ ಗ್ರಾಮೀಣ ಕೈಗಾರಿಕೀಕರಣದ ಯೋಜನೆ. 1950ರ ಹೊತ್ತಿಗೆ ಅದನ್ನು ಮೊದಲು ಮಾಡಿ ನೋಡಿದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ, ಅಂದರೆ ಅವರ ಹುಟ್ಟೂರಿನ ಸುತ್ತಿನಲ್ಲಿಯೇ. 1914ರ ಯೋಜನೆಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಆಗ ಬಾವಿ, ಚರಂಡಿ, ರಸ್ತೆಯ ಮಾತು. ಈಗ ಹಳ್ಳಿಯವನ ಜೇಬಿಗೆ ಬೇಸಾಯದ ಹೊರಗಿನಿಂದ ನಾಲ್ಕು ಕಾಸು ಹೇಗೆ ಬಂದೀತೆಂಬ ಮಾತು.

1962ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು. ಸಮಾಧಿಯೂ, ಅವರ ಮನೆಯ ವಸ್ತುಸಂಗ್ರಹವೂ ಅಲ್ಲಿವೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾದ ಮೇಲೆ ಅವರ ಊರು ಜಿಲ್ಲಾ ಕೇಂದ್ರಕ್ಕೆ ಕೂಗಳತೆಯಲ್ಲಿದೆ. ಆ ಕಡೆ ಸಂತೆಗೋ ಕಚೇರಿಗೋ ಹೋದಾಗ ನೋಡಿ ಬನ್ನಿ.