ಎಡಿಸನ್ ನೆಲದಡಿ ಹೂತ ಕೊಳವೆಗಳು

ತಂತಿಯನ್ನು ಪೈಪಿನೊಳಗೆ ಎಳೆದುಬಿಟ್ಟರೆ ಅಪಾಯವೇ ಇಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಈ ನಂಬಿಕೆ ಎಷ್ಟು ಸರಿ? ಥಾಮಸ್ ಆಲ್ವಾ ಎಡಿಸನ್‌ಗೆ ಇದರ ಉತ್ತರ ಬೀದಿಯಲ್ಲೇ ಸಿಕ್ಕಿತ್ತು.

1847ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದ ಎಡಿಸನ್ ಶಾಲೆಗೆ ಹೋದದ್ದು ಕೆಲವೇ ತಿಂಗಳು. ರೈಲಿನಲ್ಲಿ ಪತ್ರಿಕೆ ಮಾರಿದ, ಟೆಲಿಗ್ರಾಫ್ ಕಲಿತ. ಬಲ್ಬು ಅವನೊಬ್ಬನದೇ ಸಾಧನೆ ಎನ್ನುವುದು ಪೂರ್ತಿ ನಿಜವಲ್ಲ. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಕೂಡ ಅದಕ್ಕಾಗಿ ದುಡಿದಿದ್ದ. ಬಲ್ಬಿನವರೆಗೆ ವಿದ್ಯುತ್ತನ್ನು ತಲುಪಿಸುವ ವ್ಯವಸ್ಥೆಯನ್ನು ರೂಪಿಸಿದ್ದೇ ಎಡಿಸನ್ನನ ಹೆಚ್ಚುಗಾರಿಕೆ ಎಂದು ನಮಗನ್ನಿಸುತ್ತದೆ.

ಆಗ ನ್ಯೂಯಾರ್ಕಿನ ಬೀದಿಗಳ ಮೇಲೆ ತಂತಿಗಳ ಬಲೆಯೇ ಹರಡಿತ್ತು. ಎಡಿಸನ್ ನೆಲ ಅಗೆಸಿದ. ಸುಮಾರು 20 ಅಡಿ ಉದ್ದದ ಕಬ್ಬಿಣದ ಕೊಳವೆ, ಅದರೊಳಗೆ ಒಂದಕ್ಕೊಂದು ತಾಗದಂತೆ ತಾಮ್ರದ ಸರಳುಗಳು, ಸುತ್ತ ಡಾಂಬರಿನಂಥ ಅವಾಹಕ ಮಿಶ್ರಣ. ಎರಡು ಕೊಳವೆ ಸೇರುವಲ್ಲೆಲ್ಲ ಒಂದು ಕಬ್ಬಿಣದ ಪೆಟ್ಟಿಗೆ. 1882ರ ಸೆಪ್ಟೆಂಬರ್ 4ರಂದು ಪರ್ಲ್ ಸ್ಟ್ರೀಟ್ ಕೇಂದ್ರದಿಂದ ದೀಪಗಳು ಬೆಳಗಿದವು.

ತೊಂದರೆ ಬಂದದ್ದು ಇಂಥದೇ ಒಂದು ಪೆಟ್ಟಿಗೆಯಿಂದ. ಆ್ಯನ್ ಮತ್ತು ನಸ್ಸಾವ್ ಬೀದಿಗಳು ಕೂಡುವಲ್ಲಿ ವಿದ್ಯುತ್ ತೇವದ ನೆಲಕ್ಕೆ ಸೋರಿತು. ಅಲ್ಲಿ ಕಾಲಿಟ್ಟ ಕುದುರೆಗಳು ಬೆಚ್ಚಿ ಕುಣಿದವು. ನೋಡಲು ಜನ ಮುತ್ತಿದರು, ಪೊಲೀಸರು ಓಡಿಬಂದರು. ಕೊಳವೆ ಗಟ್ಟಿಯಾಗಿಯೇ ಇತ್ತು, ಕೈಕೊಟ್ಟದ್ದು ಕೂಡುಸ್ಥಳ.

ನಮ್ಮ ಮನೆಯ ವೈರಿಂಗ್‌ನಲ್ಲೂ ಹೀಗೆಯೇ. ತಂತಿಯ ಜೋಡಣೆ ಪೈಪಿನ ನಡುವೆ ಬರಬಾರದು. ಜಂಕ್ಷನ್ ಬಾಕ್ಸಿನೊಳಗೇ ಇರಬೇಕು. ಆ ಬಾಕ್ಸಿಗೆ ಮುಚ್ಚಳ ಬೇಕು, ಅದನ್ನು ಗಾರೆಯಡಿ ಹುದುಗಿಸುವಂತಿಲ್ಲ. ಲೋಹದ ಪೈಪಾದರೆ ತುದಿಗೆ ಬುಷ್ ಹಾಕಬೇಕು, ಇಲ್ಲವಾದರೆ ಹರಿತವಾದ ಅಂಚು ತಂತಿಯ ಹೊದಿಕೆಯನ್ನು ಕೊಯ್ಯುತ್ತದೆ. ಪೈಪು, ಬಾಕ್ಸು ಎಲ್ಲವೂ ಒಂದಕ್ಕೊಂದು ಬಿಗಿಯಾಗಿ ಕೂಡಿ ಅರ್ಥಿಂಗ್‌ಗೆ ಸೇರಿರಬೇಕು. ಒಂದು ಬೆಂಡ್ ಸಡಿಲವಾದರೂ ಅದರಾಚೆಯ ಪೈಪಿಗೆ ಅರ್ಥಿಂಗ್ ತಪ್ಪಬಹುದು. ಪಿವಿಸಿ ಪೈಪು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಸರಿ. ಅದಕ್ಕೇ ಅದರಲ್ಲಿ ಅರ್ಥ್ ತಂತಿಯನ್ನು ಬೇರೆಯಾಗಿಯೇ ಎಳೆಯಬೇಕು. ಭಾರತದಲ್ಲಿ ಮನೆ ವೈರಿಂಗ್‌ಗೆ ಐಎಸ್ 732 ಎಂಬ ಮಾನಕವಿದೆ, ಕೆಲಸ ಒಪ್ಪಿಸುವ ಮುನ್ನ ಅದರ ಪ್ರಕಾರ ಮಾಡುತ್ತೀರಾ ಎಂದು ಎಲೆಕ್ಟ್ರಿಷಿಯನ್‌ರನ್ನು ಕೇಳಬಹುದು.

ಎಡಿಸನ್ ತನ್ನ ಜಾಲದಲ್ಲಿ ಫ್ಯೂಸನ್ನೂ ಬಳಸಿದ: ಕರೆಂಟು ಮಿತಿಮೀರಿದರೆ ಮೊದಲು ಕರಗುವ ತಂತಿ. 1890ರಲ್ಲಿ ಪರ್ಲ್ ಸ್ಟ್ರೀಟ್ ಕೇಂದ್ರ ಬೆಂಕಿಗೆ ತುತ್ತಾಯಿತು. ಅಲ್ಲಿ ಉಳಿದ ಒಂದು ಡೈನಮೋ ಈಗಲೂ ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ. ಎಡಿಸನ್ ತೀರಿಕೊಂಡದ್ದು 1931ರಲ್ಲಿ.