ಪದಕದ ಪಟ್ಟಿಯನ್ನು ನದಿಗೆಸೆದ ಯೋಧ

ಪುಣೆ ರೈಲು ನಿಲ್ದಾಣದ ಹತ್ತಿರ ಸಸೂನ್ ಆಸ್ಪತ್ರೆ ಇದೆ. ಮುಂಬೈನಲ್ಲಿ ಬೆಳಗಿನ ಜಾವ ಮೀನಿನ ಹರಾಜು ನಡೆಯುವ ಬಂದರಿನ ಹೆಸರೂ ಸಸೂನ್ ಡಾಕ್. ಎರಡೂ ಬಾಗ್ದಾದ್‌ನಿಂದ ಮುಂಬೈಗೆ ಬಂದು, ವ್ಯಾಪಾರದಲ್ಲಿ ಸಿರಿವಂತರಾದ ಒಂದೇ ಯೆಹೂದಿ ಮನೆತನದ ಹೆಸರನ್ನು ಹೊತ್ತಿವೆ. ಆ ಮನೆತನದ ಹಿರಿಯ ಡೇವಿಡ್ ಸಸೂನ್‌ನ ಮರಿಮಗನೊಬ್ಬ ಇಂಗ್ಲೆಂಡಿನಲ್ಲಿ ಹುಟ್ಟಿ, ವ್ಯಾಪಾರದ ಕಡೆ ತಲೆಹಾಕದೆ, ಕವಿಯಾದ, ಸೈನಿಕನಾದ. ಒಬ್ಬ ಸೈನಿಕ ತನ್ನ ಸರ್ಕಾರಕ್ಕೆ ಸಾಕು ಎನ್ನಬಹುದೇ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಸಂಸತ್ತಿನವರೆಗೂ ಒಯ್ದ. ಆತನೇ ಸೀಗ್‌ಫ್ರೀಡ್ ಸಸೂನ್.

ಆತ ಹುಟ್ಟಿದ್ದು 1886ರ ಸೆಪ್ಟೆಂಬರ್ 8ರಂದು, ಕೆಂಟ್ ಪ್ರಾಂತ್ಯದ ಮ್ಯಾಟ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ತಾಯಿ ಥೆರೆಸಾ ಥಾರ್ನಿಕ್ರಾಫ್ಟ್ ಶಿಲ್ಪಿಗಳ ಮನೆಯವಳು. ಸೋದರಮಾವಂದಿರಲ್ಲಿ ಒಬ್ಬ ಹೆಸರಾಂತ ಶಿಲ್ಪಿ, ಇನ್ನೊಬ್ಬ ನೌಕಾಪಡೆಗೆ ಟಾರ್ಪೆಡೊ ದೋಣಿ ಕಟ್ಟಿಕೊಟ್ಟ ಎಂಜಿನಿಯರ್. ಬೇರೆ ಧರ್ಮದವಳನ್ನು ಮದುವೆಯಾದನೆಂದು ತಂದೆ ಆಲ್ಫ್ರೆಡ್‌ನನ್ನು ಮನೆಯವರು ದೂರವಿಟ್ಟಿದ್ದರು. ಸೀಗ್‌ಫ್ರೀಡ್ ಚಿಕ್ಕವನಿದ್ದಾಗಲೇ ಆಲ್ಫ್ರೆಡ್ ಮನೆ ಬಿಟ್ಟುಹೋದ, 1895ರಲ್ಲಿ ಕ್ಷಯದಿಂದ ತೀರಿಕೊಂಡ. ಹುಡುಗ ಕೇಂಬ್ರಿಜ್ ಸೇರಿ ಮೊದಲು ಕಾನೂನು, ಆಮೇಲೆ ಇತಿಹಾಸ ಓದಿ, ಡಿಗ್ರಿ ಮುಗಿಸದೆ ವಾಪಸಾದ. ಕೈಯಲ್ಲಿ ಒಂದಷ್ಟು ವರಮಾನವಿದ್ದುದರಿಂದ ಕೆಲಸ ಹುಡುಕುವ ಚಿಂತೆ ಇರಲಿಲ್ಲ. ಕುದುರೆ ಸವಾರಿ, ನರಿ ಬೇಟೆ, ಕ್ರಿಕೆಟ್, ಬಿಡುವಾದಾಗ ಕವಿತೆ. ಇಪ್ಪತ್ತೇಳರವರೆಗೆ ಬದುಕು ಹೀಗೇ ಸಾಗಿತು.

1914ರ ಆಗಸ್ಟ್‌ನಲ್ಲಿ ಬ್ರಿಟನ್ ಯುದ್ಧ ಘೋಷಿಸುವ ಹೊತ್ತಿಗೆ ಆತ ಆಗಲೇ ಸೇನೆಗೆ ಹೆಸರು ಕೊಟ್ಟಾಗಿತ್ತು. ಯಾರ ಬಲವಂತವೂ ಇರಲಿಲ್ಲ. ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾ ಸೇವೆ ಬಂದದ್ದೇ 1916ರಲ್ಲಿ. 1915ರಲ್ಲಿ ರಾಯಲ್ ವೆಲ್ಚ್ ಫ್ಯೂಸಿಲಿಯರ್ಸ್ ಪಡೆಯ ಅಧಿಕಾರಿಯಾಗಿ ನವೆಂಬರ್‌ನಲ್ಲಿ ಫ್ರಾನ್ಸ್‌ಗೆ ಹೋದ. ಅದೇ ಸುಮಾರಿಗೆ ತಮ್ಮ ಹ್ಯಾಮೊ ಗ್ಯಾಲಿಪೊಲಿಯ ಕಾಳಗದಲ್ಲಿ ಗಾಯಗೊಂಡು ಸತ್ತ. ಮುಂದಿನ ಮಾರ್ಚ್‌ನಲ್ಲಿ ಆಪ್ತ ಗೆಳೆಯ ಡೇವಿಡ್ ಥಾಮಸ್ ಗುಂಡಿಗೆ ಬಲಿಯಾದ. ಆಮೇಲೆ ಸಸೂನ್ ಸಾವಿಗೆ ಹೆದರುವುದನ್ನೇ ಬಿಟ್ಟಂತಾದ. ರಾತ್ರಿ ಹೊತ್ತು ಒಬ್ಬನೇ ಶತ್ರುಗಳ ಕಂದಕದತ್ತ ತೆವಳಿ ಹೋಗುತ್ತಿದ್ದ. ಜೊತೆಯವರು ಮ್ಯಾಡ್ ಜ್ಯಾಕ್ ಎಂದು ಅಡ್ಡಹೆಸರಿಟ್ಟರು. 1916ರ ಮೇ ತಿಂಗಳಲ್ಲಿ ಒಂದು ದಾಳಿ ವಿಫಲವಾದಾಗ, ಗುಂಡಿನ ಮಳೆಯ ನಡುವೆ ಒಂದೂವರೆ ಗಂಟೆ ಓಡಾಡಿ ಗಾಯಾಳುಗಳನ್ನು ಹಿಂದಕ್ಕೆ ತಂದ. ಅದಕ್ಕೆ ಮಿಲಿಟರಿ ಕ್ರಾಸ್ ಪದಕ ಬಂತು.

ಅದೇ ವರ್ಷ ಜುಲೈ 1ರಂದು ಸೋಮ್ ಕದನ ಶುರುವಾಯಿತು. ಆ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತರು. ಸತ್ತವರು, ಗಾಯಾಳುಗಳು, ಕಾಣೆಯಾದವರನ್ನೆಲ್ಲ ಸೇರಿಸಿದರೆ ಲೆಕ್ಕ 57 ಸಾವಿರ ದಾಟುತ್ತದೆ. ಸಸೂನ್ ಅಂದು ಮೀಸಲು ಕಂದಕದಲ್ಲಿ ನಿಂತು ಇದನ್ನು ಕಣ್ಣಾರೆ ಕಂಡ. 1917ರ ಏಪ್ರಿಲ್‌ನಲ್ಲಿ ಅರಾಸ್ ಬಳಿ ಆತನ ಭುಜಕ್ಕೇ ಗುಂಡು ಬಿತ್ತು. ಚಿಕಿತ್ಸೆಗೆಂದು ಊರಿಗೆ ಬಂದರೆ, ಅಲ್ಲಿನ ಜನ ಊಟದ ಮೇಜಿನಲ್ಲಿ ಆರಾಮವಾಗಿ ಕುಳಿತು ಗೆಲುವಿನ ಮಾತಾಡುತ್ತಿದ್ದರು. ಮಣ್ಣಿನಲ್ಲಿ ಬಿದ್ದಿದ್ದ ತನ್ನ ಹುಡುಗರಿಗೂ ಇವರಿಗೂ ನಡುವಿನ ಅಂತರ ಆತನನ್ನು ಕೊರೆಯಿತು.

ಆಗ ಆತ ಒಂದು ಹೇಳಿಕೆ ಬರೆದ. ಯುದ್ಧವನ್ನು ವಿರೋಧಿಸುತ್ತಿದ್ದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮುಂತಾದವರು ಬೆನ್ನಿಗೆ ನಿಂತರು. ಹೇಳಿಕೆಯ ತಿರುಳು ಇಷ್ಟು. ರಕ್ಷಣೆಗಾಗಿ, ಬಿಡುಗಡೆಗಾಗಿ ಎಂದು ನಂಬಿ ತಾನು ಸೇರಿದ ಯುದ್ಧ ಈಗ ನೆಲ ಗೆಲ್ಲುವ ಯುದ್ಧವಾಗಿದೆ. ನಿಲ್ಲಿಸಬಲ್ಲವರೇ ಬೇಕೆಂದು ಎಳೆಯುತ್ತಿದ್ದಾರೆ. ಆದ್ದರಿಂದ ತಾನು ಮುಂದೆ ಈ ಕೆಲಸ ಮಾಡುವುದಿಲ್ಲ. ಸೇನೆ ಯುದ್ಧ ನಡೆಸುವ ರೀತಿಯನ್ನು ಆತ ಬೈಯಲಿಲ್ಲ, ಎಲ್ಲ ಯುದ್ಧವೂ ಪಾಪ ಎಂದೂ ಹೇಳಲಿಲ್ಲ. ಸೈನಿಕರ ಜೀವ ಯಾವ ಉದ್ದೇಶಕ್ಕೆ ಹೋಗುತ್ತಿದೆ ಎಂದು ರಾಜಕಾರಣಿಗಳನ್ನು ಕೇಳಿದ, ಅಷ್ಟೆ.

1917ರ ಜುಲೈ 30ರಂದು ಸಂಸದ ಲೀಸ್-ಸ್ಮಿತ್ ಈ ಹೇಳಿಕೆಯನ್ನು ಕೆಳಮನೆಯಲ್ಲಿ ಓದಿದ. ಮರುದಿನ ಅದು ಟೈಮ್ಸ್ ಪತ್ರಿಕೆಯಲ್ಲಿ ಬಂತು. ಕದನ ನಡೆದಿರುವಾಗ ಅಧಿಕಾರಿಯೊಬ್ಬ ಹೀಗೆ ಬರೆದರೆ ಮುಂಚೂಣಿಯಲ್ಲಿರುವವರ ಗತಿ ಏನು? ಸೈನಿಕನ ಧರ್ಮ ಆಜ್ಞೆ ಪಾಲಿಸುವುದಷ್ಟೇ, ಪಾಪಪುಣ್ಯದ ಲೆಕ್ಕ ಆಜ್ಞೆ ಕೊಟ್ಟವರದು ಎಂಬ ವಾದ ಒಂದು ಕಡೆ. ಗುಂಡು ಹಾರಿಸುವ ಕೈ ತನ್ನದೇ ಆದಮೇಲೆ, ಏಕೆ ಎಂದು ಕೇಳುವ ಹಕ್ಕೂ ಹೊಣೆಯೂ ತನ್ನದೇ ಎಂಬ ವಾದ ಇನ್ನೊಂದು ಕಡೆ. ಸರ್ಕಾರ ಈ ಎರಡಕ್ಕೂ ಉತ್ತರಿಸುವ ಗೋಜಿಗೆ ಹೋಗಲಿಲ್ಲ. ಈ ಅಧಿಕಾರಿಯ ನರಗಳು ದುರ್ಬಲವಾಗಿವೆ, ಇಂಥ ಸ್ಥಿತಿಯಲ್ಲಿರುವ ಯುವಕನ ಬರಹವನ್ನು ಬಳಸಿಕೊಳ್ಳುವ ಮುನ್ನ ಯೋಚಿಸಿ ಎಂದು ಸಚಿವರು ಸದನಕ್ಕೆ ಹೇಳಿಬಿಟ್ಟರು. ಪ್ರಶ್ನೆ ಕೇಳಿದವನಿಗೆ ಕಾಯಿಲೆ ಎಂದರೆ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲವಲ್ಲ!

ಸಸೂನ್ ಬಯಸಿದ್ದು ಸೇನಾ ನ್ಯಾಯಾಲಯದ ವಿಚಾರಣೆ. ಅಲ್ಲಿ ನಿಂತು ಎಲ್ಲರೆದುರು ಮಾತಾಡಬೇಕೆಂಬುದು ಅವನ ಹಟ. ಆ ದಿನಗಳಲ್ಲೇ ಆತ ಲಿವರ್‌ಪೂಲ್ ಬಳಿ ಮರ್ಸಿ ನದಿಯ ಅಳಿವೆಗೆ ಹೋಗಿ, ಅಂಗಿಯ ಮೇಲಿದ್ದ ಪದಕದ ಪಟ್ಟಿಯನ್ನು ಕಿತ್ತು ನೀರಿಗೆಸೆದ. ಹಗುರವಾದ ಪಟ್ಟಿ ಮುಳುಗಲೂ ಇಲ್ಲ, ತೇಲಿಕೊಂಡು ಹೋಯಿತು. ಗೆಳೆಯ, ಕವಿ ರಾಬರ್ಟ್ ಗ್ರೇವ್ಸ್‌ಗೆ ದಿಗಿಲಾಯಿತು. ನಿನ್ನನ್ನು ವಿಚಾರಣೆಗೆ ಒಳಪಡಿಸುವುದೇ ಇಲ್ಲ, ಯುದ್ಧ ಮುಗಿಯುವವರೆಗೆ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕುತ್ತಾರೆ ಎಂದು ಆಣೆ ಮಾಡಿ ಹೇಳಿದ. ಅದು ಗೆಳೆಯನನ್ನು ಉಳಿಸಲು ಹೇಳಿದ ಸುಳ್ಳು. ಸಸೂನ್ ನಂಬಿ, ವೈದ್ಯಕೀಯ ಮಂಡಳಿಯ ಮುಂದೆ ಹೋಗಲು ಒಪ್ಪಿದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಸೂನ್ ಅಧಿಕಾರಿ, ಪದಕ ಪಡೆದವನು, ದೊಡ್ಡವರ ಪರಿಚಯ ಇದ್ದವನು. ಅದೇ ಯುದ್ಧದಲ್ಲಿ ಪಲಾಯನ, ಹೇಡಿತನದಂಥ ಆರೋಪದ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಮಂದಿಯನ್ನು ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಬಹುಪಾಲು ಸಾಮಾನ್ಯ ಸಿಪಾಯಿಗಳು. ಆತ್ಮಸಾಕ್ಷಿಯ ಮಾತು ಆಡುವುದಕ್ಕೂ ಒಂದು ಸ್ಥಾನ ಬೇಕಾಗುತ್ತದೆ ಎಂಬುದು ಕಹಿಯಾದರೂ ನಿಜ.

ಮಂಡಳಿ ಆತನನ್ನು ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳಿಸಿತು. ಅಲ್ಲಿನ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ನಡುವೆ ಅಧ್ಯಯನ ಮಾಡಿ, 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದವನು ಇವನೇ. ರಿವರ್ಸ್ ಬೈಯಲಿಲ್ಲ, ಹುಚ್ಚನೆಂದೂ ಹೇಳಲಿಲ್ಲ. ವಾರಕ್ಕೆ ಕೆಲವು ಸಲ ಕೂರಿಸಿಕೊಂಡು ಮಾತಾಡಿಸಿದ. ತರುಣ ಕವಿ ವಿಲ್‌ಫ್ರೆಡ್ ಓವೆನ್ ಸಸೂನ್‌ಗೆ ಸಿಕ್ಕಿದ್ದೂ ಅಲ್ಲೇ. ಓವೆನ್‌ನ ಕವಿತೆಗಳನ್ನು ಸಸೂನ್ ತಿದ್ದಿಕೊಟ್ಟ.

ಆಸ್ಪತ್ರೆ ಸುರಕ್ಷಿತವಾಗಿತ್ತು. ಆ ಸುರಕ್ಷತೆಯೇ ಆತನನ್ನು ಚುಚ್ಚಿತು. ತನ್ನ ಹುಡುಗರು ಇನ್ನೂ ಕಂದಕದಲ್ಲಿದ್ದರು. ಅವರ ಪರವಾಗಿ ಮಾತಾಡಿ ತಾನು ಬೆಚ್ಚಗೆ ಉಳಿಯುವುದು ಹೇಗೆ? ಅಭಿಪ್ರಾಯ ಬದಲಿಸದೆಯೇ ಆತ ಕದನಕ್ಕೆ ಮರಳಲು ತೀರ್ಮಾನಿಸಿದ. ಇದನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯುದ್ಧ ನಡೆಸುವವರಿಗೆ ತಾನು ಋಣಿಯಲ್ಲ, ಜೊತೆಗೆ ನಿಂತವರಿಗೆ ಋಣಿ ಎಂದು ಆತ ಹೊಣೆಯನ್ನು ಎರಡಾಗಿ ಬಿಡಿಸಿ ನೋಡಿದ. ಆದರೂ ಒಂದು ತೊಡಕು ಉಳಿಯುತ್ತದೆ. ತಪ್ಪು ಎಂದು ತಿಳಿದ ಯುದ್ಧದಲ್ಲಿ ಗೆಳೆಯರಿಗಾಗಿ ಹೋರಾಡಿದರೂ, ಎದುರಿಗೆ ಸಾಯುವವನೂ ಯಾರದೋ ಗೆಳೆಯನೇ.

1918ರ ಆರಂಭದಲ್ಲಿ ಆತನನ್ನು ಪ್ಯಾಲೆಸ್ಟೀನ್‌ಗೆ, ಮೇ ತಿಂಗಳಲ್ಲಿ ಮತ್ತೆ ಫ್ರಾನ್ಸ್‌ಗೆ ಕಳಿಸಿದರು. ಅದೇ ಪ್ಯಾಲೆಸ್ಟೀನ್ ರಂಗದಲ್ಲಿ ಆ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್, ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು. ಆ ಯುದ್ಧದಲ್ಲಿ 70 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. ಯುದ್ಧ ಸರಿಯೋ ತಪ್ಪೋ ಎಂದು ಅವರನ್ನು ಕೇಳಿದವರೇ ಇಲ್ಲ.

ಜುಲೈ 13ರಂದು ಗಸ್ತು ಮುಗಿಸಿ ಬರುತ್ತಿದ್ದ ಸಸೂನ್‌ನನ್ನು ಶತ್ರು ಎಂದುಕೊಂಡು ತನ್ನ ಪಡೆಯವನೇ ಗುಂಡು ಹಾರಿಸಿದ. ಗುಂಡು ತಲೆ ಸವರಿಕೊಂಡು ಹೋಯಿತು, ಜೀವ ಉಳಿಯಿತು. ಓವೆನ್ ಉಳಿಯಲಿಲ್ಲ. ಯುದ್ಧ ನಿಲ್ಲಲು ಒಂದು ವಾರವಿರುವಾಗ, ನವೆಂಬರ್ 4ರಂದು ಸತ್ತ. ಆಗ ಅವನಿಗೆ 25 ವರ್ಷ.

ಸಸೂನ್ ಮುಂದೆ ಬಹುಕಾಲ ಬದುಕಿದ. ಯುದ್ಧದ ನೆನಪುಗಳನ್ನು ಕಾದಂಬರಿಯ ರೂಪದಲ್ಲಿ ಮೂರು ಸಂಪುಟ ಬರೆದ. 1945ರಲ್ಲಿ ಬಂದ ಆತ್ಮಕಥೆಯಲ್ಲಿ, 1917ರಲ್ಲಿ ಸಂಧಾನವಾಗಿದ್ದರೂ ಆ ಶಾಂತಿ ಬಾಳುತ್ತಿತ್ತೆಂದು ಈಗ ನಂಬುವುದು ಕಷ್ಟ ಎಂದು ಒಪ್ಪಿಕೊಂಡ. ಆ ವೇಳೆಗೆ ಹಿಟ್ಲರನ ಯುದ್ಧ ನಡೆದುಹೋಗಿತ್ತು. ತನ್ನ ಅತಿ ದೊಡ್ಡ ನಿಲುವನ್ನೇ ಮತ್ತೆ ಒರೆಗೆ ಹಚ್ಚಿ ನೋಡುವುದಕ್ಕೂ ಧೈರ್ಯ ಬೇಕು. 1967ರ ಸೆಪ್ಟೆಂಬರ್ 1ರಂದು, 80ನೇ ವಯಸ್ಸಿನಲ್ಲಿ ಆತ ತೀರಿಕೊಂಡ.

ಆತ ಎತ್ತಿದ ಪ್ರಶ್ನೆ ಮಾತ್ರ ಸಾಯಲಿಲ್ಲ. ಆಜ್ಞೆ ಪಾಲಿಸಿದೆ ಎಂಬುದೊಂದೇ ಅಪರಾಧದಿಂದ ಪಾರಾಗಲು ಸಾಲದು ಎಂದು ನ್ಯೂರೆಂಬರ್ಗ್ ನ್ಯಾಯಾಲಯ ಹೇಳಿತು. 1971ರಲ್ಲಿ ವಿಯೆಟ್ನಾಂನಿಂದ ಮರಳಿದ ನೂರಾರು ಅಮೆರಿಕನ್ ಸೈನಿಕರು ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ತಮ್ಮ ಪದಕಗಳನ್ನು ಎಸೆದರು. ನಮ್ಮಲ್ಲೂ ಎಷ್ಟೋ ಗೆಳೆಯರು ಬೆಳಗಿನ ಜಾವ ಎದ್ದು ಸೇನಾ ಭರ್ತಿಗಾಗಿ 1,600 ಮೀಟರ್ ಓಟ ಅಭ್ಯಾಸ ಮಾಡುತ್ತಾರೆ. ಅವರು ದೇಶಕ್ಕಾಗಿ ಜೀವ ಕೊಡಲು ಸಿದ್ಧರು. ಆ ಜೀವವನ್ನು ಎಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಸರ್ಕಾರವನ್ನು ಆರಿಸುವುದು ಮತ ಹಾಕುವ ನಾವು. ಸೈನಿಕನ ಹೊಣೆ ಎಷ್ಟು ಎಂದು ಅಳೆಯುವ ಮೊದಲು ನಮ್ಮ ಪಾಲಿನ ಹೊಣೆಯನ್ನು ಅಳೆದುಕೊಳ್ಳೋಣ. ಸಸೂನ್‌ಗೆ ಸಿಟ್ಟು ಬಂದದ್ದೂ ಮನೆಯಲ್ಲಿ ಬೆಚ್ಚಗೆ ಕುಳಿತವರ ಮೇಲೆಯೇ.